ಅಬ್ಸಿಡಿಯನ್ ಆ್ಯಪ್: ಕಾಫಿ ತೋಟದ ಮಳೆ ಪುಸ್ತಕದ ಪಕ್ಕದಲ್ಲಿ ನಾಲ್ಕು ವರ್ಷ

ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಕಡೆ ಸಣ್ಣ ತೋಟ. ರೊಬಸ್ಟಾ ಜಾಸ್ತಿ, ಮೇಲಿನ ಬ್ಲಾಕಿನಲ್ಲಿ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ. 2021ರ ಮಳೆಗಾಲದಲ್ಲಿ ಅಬ್ಸಿಡಿಯನ್ ಹಾಕಿಕೊಂಡೆ. ಅದರ ಮೊಬೈಲ್ ಆ್ಯಪ್ ಬಂದಿದ್ದೂ ಆ ವರ್ಷವೇ. ನಾಲ್ಕು ಕೊಯ್ಲು ಮುಗಿದಿವೆ. ಈಗ ಧೈರ್ಯವಾಗಿ ಹೇಳಬಹುದು ಅನಿಸಿತು.

ಇದು ನೋಟ್ಸ್ ಬರೆದಿಡುವ ಆ್ಯಪ್. ಬರೆದದ್ದೆಲ್ಲ ನಮ್ಮ ಫೋನಿನ, ಕಂಪ್ಯೂಟರಿನ ಒಂದು ಫೋಲ್ಡರಿನಲ್ಲೇ ಸಾದಾ ಅಕ್ಷರದ ಫೈಲಾಗಿ ಕೂತಿರುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಇಂಟರ್ನೆಟ್ ಬೇಕಾಗಿಲ್ಲ. ಪಟ್ಟಣದವರಿಗೆ ಇದು ಸಣ್ಣ ವಿಷಯ ಅನಿಸಬಹುದು. ನಮಗೆ ಹಾಗಲ್ಲ. ಮೊದಲು ನಾನು ಬೇರೊಂದು ಆ್ಯಪ್ ಬಳಸುತ್ತಿದ್ದೆ. ಒಂದು ಆಗಸ್ಟಿನಲ್ಲಿ ಮರ ಬಿದ್ದು ಲೈನ್ ಹರಿಯಿತು. ನಾಲ್ಕು ದಿನ ಕರೆಂಟಿಲ್ಲ, ಫೋನಿನ ಟವರೂ ಇಲ್ಲ. ಐದನೇ ದಿನ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ಆಳುಗಳು ಬಂದು ನಿಂತಿದ್ದಾರೆ. ಯಾವ ಬ್ಲಾಕಿಗೆ ಆಗಿದೆ, ಯಾವುದು ಬಾಕಿ ಅನ್ನುವ ಪಟ್ಟಿ ಆ ಆ್ಯಪಿನೊಳಗೆ. ತೆರೆಯಲೇ ಇಲ್ಲ. ಅವತ್ತೇ ತೀರ್ಮಾನ ಮಾಡಿದೆ, ತೋಟದ ಮಾಹಿತಿ ತೋಟದಲ್ಲೇ ಇರಬೇಕು.

ನಮ್ಮ ಮನೆಯಲ್ಲಿ ಮಳೆ ಪುಸ್ತಕ ಬರೆಯುವುದು ಮಾವ. ಕೊಡಗಿನ ಹಳೇ ತೋಟಗಳಲ್ಲಿ ಇದು ರೂಢಿ. ಬೆಳಿಗ್ಗೆ ಅಳತೆಯ ಗಾಜು ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಮಾವನ ಪುಸ್ತಕ 1983ರಿಂದ ಇದೆ. ಅದರಲ್ಲಿರುವುದು ಮಳೆ ಲೆಕ್ಕವಷ್ಟೇ ಅಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: ‘ಹೂ ತಡ. ಕೆಂಪು ಪುಸ್ತಕ ಪುಟ 41 ನೋಡು.’ ಕೆಂಪು ಪುಸ್ತಕದ 41ನೇ ಪುಟ ತೆಗೆದರೆ ಇನ್ನೊಂದು ವರ್ಷ ಹೀಗೇ ಹೂ ತಡವಾದ ಕಥೆ, ಆಗ ಏನು ಮಾಡಿದರು ಅನ್ನುವುದು.

ಅಬ್ಸಿಡಿಯನ್ ಮಾಡುವುದೂ ಇದನ್ನೇ. ಒಂದು ಹೆಸರಿಗೆ ಎರಡೆರಡು ಚೌಕ ಕಂಸ ಹಾಕಿದರೆ ಅದು ಆ ಹೆಸರಿನ ಪುಟಕ್ಕೆ ಕೊಂಡಿ. ನನ್ನ ಒಂದು ದಿನದ ಬರಹ ಹೀಗಿದೆ:

‘ಮಾರ್ಚ್ 14. ಮಳೆ 1.10. [[3ನೇ ಬ್ಲಾಕ್]] ಮೊಗ್ಗು ಚೆನ್ನಾಗಿದೆ. [[ಪಂಪ್]] ಇವತ್ತಿನಿಂದ ಬೇಡ.’

ಇಷ್ಟೇ. ಆದರೆ ‘3ನೇ ಬ್ಲಾಕ್’ ಪುಟ ತೆರೆದರೆ ಆ ಬ್ಲಾಕಿನ ಹೆಸರಿಗೆ ಕೊಂಡಿ ಹಾಕಿದ ದಿನಗಳೆಲ್ಲ ಕೆಳಗೆ ಸಾಲಾಗಿ ಬರುತ್ತವೆ. ಮೊಗ್ಗು ಅರಳಿಸುವ ಹೂಮಳೆ ಯಾವತ್ತು ಬಿತ್ತು, ಎಷ್ಟು ದಿನಕ್ಕೆ ಹೂ ಅರಳಿತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತಾ ಇಲ್ಲವಾ, ಕೊನೆಗೆ ಎಷ್ಟು ಮೂಟೆ ಬಂತು. ನಾಲ್ಕು ವರ್ಷದ್ದು ಒಂದೇ ಕಡೆ ಓದುವಾಗ ನನಗೆ ಮೊದಲ ಸಲ ತೋಟ ಅರ್ಥವಾಗುತ್ತಿದೆ ಅನಿಸಿತು. ಈ ಆ್ಯಪ್ ಬಳಸುವವರು ನಿಕ್ಲಾಸ್ ಲೂಮನ್ ಹೆಸರು ಬಹಳ ಹೇಳುತ್ತಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞ. ಸುಮಾರು 90,000 ಚೀಟಿ ಬರೆದು, ಒಂದರಿಂದ ಇನ್ನೊಂದಕ್ಕೆ ನಂಬರ್ ಹಾಕಿ ಜೋಡಿಸಿಟ್ಟಿದ್ದರು. ಅದನ್ನು ಓದಿದಾಗ ನನಗೆ ನೆನಪಾಗಿದ್ದು ಮಾವನ ಪೆನ್ಸಿಲ್ ಅಕ್ಷರ.

ಈ ಆ್ಯಪಿನ ಬೆಲೆ ನನಗೆ ನಿಜವಾಗಿ ತಿಳಿದಿದ್ದು ನಮ್ಮ ರೈಟರ್, ಅಂದರೆ ತೋಟದ ಗುಮಾಸ್ತರು, ಕೆಲಸ ಬಿಟ್ಟಾಗ. ಮೂವತ್ತು ವರ್ಷ ನಮ್ಮಲ್ಲಿ ಇದ್ದವರು. ಚೆಕ್‌ರೋಲ್ (ಆಳುಗಳ ಹಾಜರಿ), ಗೊಬ್ಬರದ ಲೆಕ್ಕ ಪುಸ್ತಕದಲ್ಲಿತ್ತು. ಉಳಿದದ್ದೆಲ್ಲ ಅವರ ತಲೆಯಲ್ಲಿ. ಮಣ್ಣೊಳಗಿನ ಪೈಪು ಎಲ್ಲಿ ತಿರುಗುತ್ತದೆ, ಗಡಿಯ ಕಲ್ಲು ಯಾವುದು, ಯಾವ ಬಳ್ಳಿಗೆ ಸೊರಗು ರೋಗ ಮೊದಲು ಬಂತು. ಇದನ್ನೆಲ್ಲ ಯಾರೂ ಅವರನ್ನು ಕೇಳಿರಲಿಲ್ಲ, ಅವರೇ ಇದ್ದರಲ್ವಾ. ಹೋಗುವ ಮುಂಚೆ ಎರಡು ದಿನ ಅವರ ಜೊತೆ ತೋಟ ಸುತ್ತಿದೆ. ‘ನೋಡಿ ಅಮ್ಮಾ, ಈ ಅತ್ತಿ ಮರದಿಂದ ತೋಡಿನ ಕಡೆಗೆ ಎಂಟು ಹೆಜ್ಜೆ. ಇಲ್ಲಿ ವಾಲ್ವ್ ಇದೆ’ ಅಂದರು. ಮೇಲೆ ಬರೀ ಎಲೆ. ಅವರು ಹೇಳಿದಂತೆಯೇ ಬರೆದೆ, ಒಂದು ಫೋಟೋ ಹಾಕಿದೆ.

ಮರು ವರ್ಷ ಫೆಬ್ರವರಿಯಲ್ಲಿ ಹೂವಿಗೆ ನೀರು ಹಾಯಿಸುವಾಗ ಪೈಪು ಒಡೆಯಿತು. ನಾನು ಮಡಿಕೇರಿಯಲ್ಲಿದ್ದೆ. ಹೊಸ ಹುಡುಗ ಆಫೀಸಿನ ಕಂಪ್ಯೂಟರಿನಲ್ಲಿ ‘ವಾಲ್ವ್’ ಅಂತ ಹುಡುಕಿ, ಅತ್ತಿ ಮರದಿಂದ ಹೆಜ್ಜೆ ಎಣಿಸಿ ನೀರು ನಿಲ್ಲಿಸಿದ್ದ. ‘ಸಿಕ್ಕಿತು ಅಕ್ಕಾ’ ಅಂತ ಫೋನ್ ಬಂದಾಗ ನನಗೆ ಕಣ್ಣು ತುಂಬಿತು.

ಕನ್ನಡ ಹೇಗೆ ಅಂತ ಕೇಳುವವರಿಗೆ: ಬರೆಯಲು, ಹೆಸರಿಡಲು, ಕೊಂಡಿ ಹಾಕಲು ಏನೂ ತೊಂದರೆ ಇಲ್ಲ. ಹುಡುಕುವಾಗ ಒಂದು ಉಪಾಯ ಗೊತ್ತಿರಲಿ. ‘ಮೆಣಸು’ ಅಂತ ಹುಡುಕಿದರೆ ‘ಮೆಣಸಿನ’, ‘ಮೆಣಸಿಗೆ’ ಇರುವ ಪುಟ ಬರುವುದಿಲ್ಲ. ‘ಮೆಣಸ’ ಅಂತ ನಿಲ್ಲಿಸಿದರೆ ಎಲ್ಲವೂ ಬರುತ್ತವೆ. ಇನ್ನೊಂದು, ಮನೆಯಲ್ಲಿ ಒಬ್ಬರು ಕಾಳುಮೆಣಸು ಅಂದರೆ ಇನ್ನೊಬ್ಬರು ಒಳ್ಳೆಮೆಣಸು, ಅಂಗಡಿಯವರು ಪೆಪ್ಪರ್ ಅನ್ನುತ್ತಾರೆ. ಒಂದೇ ಪುಟಕ್ಕೆ ಈ ಎಲ್ಲ ಹೆಸರನ್ನೂ ಅಡ್ಡಹೆಸರಾಗಿ ಕೊಡಬಹುದು. ಇದನ್ನು ಮೊದಲ ದಿನವೇ ಮಾಡಿಕೊಳ್ಳಿ. ನಾನು ಎರಡು ವರ್ಷ ತಡ ಮಾಡಿದೆ, ಒಂದೇ ವಿಷಯಕ್ಕೆ ಮೂರು ಪುಟ ಆಗಿತ್ತು.

ಆ್ಯಪಿಗೆ ದುಡ್ಡಿಲ್ಲ. ಫೋನ್, ಕಂಪ್ಯೂಟರ್ ಎರಡರಲ್ಲೂ ಒಂದೇ ಆಗಿರಲು ಅವರದೇ ಸಿಂಕ್ ಸೇವೆ ಇದೆ, ಅದಕ್ಕೆ ಹಣ ಕಟ್ಟಬೇಕು. ನಾನು ಕಟ್ಟುತ್ತೇನೆ. ಅದರ ಮೇಲೆ ಇನ್ನೊಂದು ಕ್ಲೌಡ್ ಸೇವೆಯನ್ನೂ ಅದೇ ಫೋಲ್ಡರಿಗೆ ಜೋಡಿಸಿ ಒಂದು ಸಲ ಪುಟಗಳು ಎರಡೆರಡಾದವು. ಎರಡು ಬೇಡ, ಒಂದೇ ಸಾಕು. ಅದು ಬಿಟ್ಟರೆ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಹಾಕಿ ಕುಶಾಲನಗರದ ತಂಗಿ ಮನೆಯಲ್ಲಿ ಇಡುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಕಡೆ ಮನೆ ಜೊತೆಗೇ ಕಾಗದಪತ್ರ ಕಳೆದುಕೊಂಡವರನ್ನು ನೋಡಿದ್ದೇನೆ.

ಸಂಬಳ, ಮೂಟೆ ಲೆಕ್ಕಕ್ಕೆ ಇದು ಅಲ್ಲ, ಅದಕ್ಕೆ ಎಕ್ಸೆಲ್ ಇರಲಿ. ನಾಲ್ಕಾರು ಜನ ಒಟ್ಟಿಗೆ ಒಂದೇ ಪುಟ ತಿದ್ದುವ ಕಚೇರಿಗೂ ಇದು ಹೇಳಿದ್ದಲ್ಲ. ಆ್ಯಪಿನ ಕೋಡ್ ಬಹಿರಂಗವಲ್ಲ, ಕಂಪನಿ ನಾಳೆ ಮುಚ್ಚಬಹುದು. ಆದರೂ ಫೈಲುಗಳನ್ನು ಯಾವ ಕಂಪ್ಯೂಟರಿನಲ್ಲಾದರೂ ನೋಟ್‌ಪ್ಯಾಡಿನಲ್ಲಿ ಓದಬಹುದು. ಹೊಸಬರು ಆ್ಯಪಿಗೆ ಬೇಕಾದರೆ ಸೇರಿಸಿಕೊಳ್ಳುವ ನೂರಾರು ಪ್ಲಗಿನ್ ನೋಡಿ ಸುಮ್ನೆ ಗಾಬರಿಯಾಗಬೇಡಿ. ನಾನು ಬಳಸುವುದು ದಿನದ ಪುಟ, ಕೊಂಡಿ, ಹುಡುಕಾಟ, ಇಷ್ಟೇ.

ಮಾವ ಈಗಲೂ ಪುಸ್ತಕದಲ್ಲೇ ಬರೆಯುತ್ತಾರೆ. ರಾತ್ರಿ ಊಟ ಆದ ಮೇಲೆ ಅವರು ಹಳೇ ಪುಟ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಪೆನ್ಸಿಲ್ ಅಕ್ಷರ ಬಂದಾಗ ನಿಲ್ಲಿಸಿ, ಅವತ್ತು ಏನಾಯಿತು ಅಂತ ಹೇಳುತ್ತಾರೆ, ಅದನ್ನೂ ಸೇರಿಸುತ್ತೇನೆ. ಈಗ 1996ರ ಜೂನಿನಲ್ಲಿದ್ದೇವೆ.