ಆಸ್ಕ್ ಅಬೌಟ್ ಐರ್ಲೆಂಡ್: ಪುಕ್ಕಟೆ ಸೈಟು, ಒಳಗೆ ಇಡೀ ದೇಶದ ಜಮೀನಿನ ಲೆಕ್ಕ

ಐರ್ಲೆಂಡಿನ ಹಳ್ಳಿಗಳ ಚರಿತ್ರೆ ಹುಡುಕಿಕೊಡ್ತೀವಿ ಅಂತ ದುಡ್ಡು ಕೇಳುವ ಸೈಟುಗಳು ಬೇಕಾದಷ್ಟಿವೆ. ಕಾರ್ಡ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ನೋಡಿ. ಗ್ರಿಫಿತ್ಸ್ ವ್ಯಾಲ್ಯುಯೇಷನ್ ಇಲ್ಲಿ ಪುಕ್ಕಟೆ ಸಿಗುತ್ತದೆ.

ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಇಡೀ ದೇಶದ ಜಮೀನಿಗೂ ಕಟ್ಟಡಗಳಿಗೂ ಬೆಲೆ ಕಟ್ಟಿ, 1847ರಿಂದ 1864ರವರೆಗೆ ಅಚ್ಚು ಹಾಕಿದ ಪಟ್ಟಿ ಇದು. ಉದ್ದೇಶ ತೆರಿಗೆ, ಅಷ್ಟೇ. ಅಲ್ಲಿನ ಅತಿ ಚಿಕ್ಕ ಭೂ ವಿಭಾಗದ ಹೆಸರು ಟೌನ್‌ಲ್ಯಾಂಡ್. ನಮ್ಮ ಕಂದಾಯ ಗ್ರಾಮದ ಥರ ಅಂದ್ಕೊಳ್ಳಿ. ಅಂಥವು 60,000ಕ್ಕೂ ಜಾಸ್ತಿ ಇವೆ.

ತೆರಿಗೆ ಪಟ್ಟಿಗೆ ಯಾಕಿಷ್ಟು ಬೆಲೆ ಅಂದ್ರೆ, ಆ ಕಾಲದ ಜನಗಣತಿಯೇ ಹೆಚ್ಚಾಗಿ ಉಳಿದಿಲ್ಲ. 1821ರಿಂದ 1851ರವರೆಗಿನ ಗಣತಿ ಪುಸ್ತಕಗಳಲ್ಲಿ ಹೆಚ್ಚಿನವು 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಯ ಜೊತೆಗೇ ಸುಟ್ಟು ಹೋದವು, ಆಮೇಲಿನ ನಾಲ್ಕು ಗಣತಿಗಳನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿಬಿಟ್ಟಿತ್ತು. ಎಂಥಾ ಜಾಣತನ ನೋಡಿ!

ಪರೀಕ್ಷೆ ಮಾಡೋಕೆ ಮೇಯೋ ಕೌಂಟಿಯ ಅಕಿಲ್ ದ್ವೀಪ ಒಳ್ಳೇ ಜಾಗ. ಅಲ್ಲಿ ಸ್ಲೀವ್‌ಮೋರ್ ಅನ್ನೋ ಟೌನ್‌ಲ್ಯಾಂಡ್ ಇದೆ. ಅದೇ ಹೆಸರಿನ ಬೆಟ್ಟದ ದಕ್ಷಿಣ ಇಳಿಜಾರಿನಲ್ಲಿ ಸುಮಾರು 80ರಿಂದ 100 ಕಲ್ಲಿನ ಮನೆಗಳು ಚಾವಣಿ ಇಲ್ಲದೆ ಸಾಲಾಗಿ ನಿಂತಿವೆ. ಸುತ್ತ ಆಲೂಗಡ್ಡೆ ಬೆಳೆದ ಏರುಮಡಿಗಳ ಗುರುತು ಇನ್ನೂ ಕಾಣುತ್ತದೆ. ಖಾಯಂ ವಾಸ ನಿಂತ ಮೇಲೂ ಪಕ್ಕದ ಊರಿನವರು ಬೇಸಿಗೆಯಲ್ಲಿ ದನ ಹೊಡೆದುಕೊಂಡು ಬಂದು ಅಲ್ಲೇ ಇರುತ್ತಿದ್ದರು, ಅದೂ 1940ರ ದಶಕದವರೆಗೆ.

ಆ ಕಡೆಯ ಪಟ್ಟಿಗಳನ್ನು ಓದುವಾಗ ಹೆಸರಿಗಿಂತ ಕಂಸಗಳ ಮೇಲೆ ಕಣ್ಣಿಡಿ. ಹಲವು ಹೆಸರಿಗೆ ಒಂದೇ ಕಂಸ, ಎದುರಿಗೆ ಒಂದೇ ವಿಸ್ತೀರ್ಣ ಇದ್ದರೆ ಆ ಜಮೀನು ಒಟ್ಟಿಗೆ ಹಿಡಿದದ್ದು. ರನ್‌ಡೇಲ್ ಅನ್ನೋ ಪದ್ಧತಿಯಲ್ಲಿ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡನ್ನೂ ತುಂಡು ತುಂಡಾಗಿ ಎಲ್ಲರಿಗೂ ಹಂಚುತ್ತಿದ್ದರು. ಪಕ್ಕದ ಕಾಲಂನಲ್ಲಿ ಜಮೀನುದಾರನ ಹೆಸರು, ಪುಟಗಟ್ಟಲೆ ಅದೇ ಹೆಸರು. ಯಾರ ಕೈಯಲ್ಲಿ ಏನಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕೊರತೆಯೂ ಇದೆ. ಮನೆ ಯಾರ ಹೆಸರಲ್ಲಿತ್ತೋ ಅವರೊಬ್ಬರೇ ಸಿಗುತ್ತಾರೆ. ಹೆಂಡತಿ, ಮಕ್ಕಳು, ವಯಸ್ಸು ಯಾವುದೂ ಇಲ್ಲ. ಅದಕ್ಕೆ ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಸೈಟಿನಲ್ಲಿ 1901, 1911ರ ಗಣತಿ ನೋಡಿ, ಅದೂ ಪುಕ್ಕಟೆ. ಹೆಸರಿನ ಕಾಗುಣಿತ ಬೇರೆ ಬೇರೆ ಥರ ಹಾಕಿ ಹುಡುಕಿ. ಗ್ರಿಫಿತ್ ಪಟ್ಟಿಯ ಜೊತೆಗಿರೋ ಹಳೇ ನಕ್ಷೆಗಳನ್ನು ಮಾತ್ರ ಮೊಬೈಲಿನಲ್ಲಿ ನೋಡಬೇಡಿ, ಅಕ್ಷರ ತೀರಾ ಸಣ್ಣದು.