ಕ್ಯೂ ಅಕೌಸ್ಟಿಕ್ಸ್ 3020ಐ: ಡಬ್ಬಿ ಚಲೋದೇ, ಇಡುವ ಜಾಗ ನೋಡಿ

ಈ ಜೋಡಿ ಸ್ಪೀಕರ್ ತಂದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಟಿವಿ ಶೋಕೇಸಿನ ಎರಡು ಖಾನೆ ಖಾಲಿ ಮಾಡಿ ಅದರೊಳಗೆ ತುರುಕುವುದು. ಆಮೇಲೆ ಬೇಸ್ ಗುಂಯ್‌ಗುಡುತ್ತದೆ, ಹಾಡುವವರ ದನಿ ಕೊಡಪಾನದೊಳಗಿಂದ ಬಂದಂತಿದೆ ಎಂಬ ದೂರು. ದೂರು ಸುಳ್ಳಲ್ಲ. ಆದರೆ 3020ಐಯ ಪೋರ್ಟ್, ಅಂದರೆ ಬೇಸ್ ಹೊರಡುವ ದುಂಡು ಕಿಂಡಿ, ಹಿಂಬದಿಗಿದೆ. ಅದಕ್ಕೆ ಉಸಿರಾಡಲು ಜಾಗ ಬಿಡದೆ ಮರದ ಖಾನೆಯಲ್ಲಿ ಕೂರಿಸಿದರೆ ಖಾನೆಯೇ ಹಾಡತೊಡಗುತ್ತದೆ.

ಡಬ್ಬಿಯ ಲೆಕ್ಕ ಹೀಗಿದೆ: ಸುಮಾರು 28 ಸೆಂ.ಮೀ. ಎತ್ತರ, 28 ಸೆಂ.ಮೀ. ಆಳ, 17 ಸೆಂ.ಮೀ. ಅಗಲ. ಕೆಳಸ್ವರ ನುಡಿಸುವ ಕೋನ್, ಅಂದರೆ ವೂಫರ್, ಐದಿಂಚಿನದು; ಮೇಲ್ಸ್ವರ ನುಡಿಸುವ ಟ್ವೀಟರ್ 22 ಮಿ.ಮೀ. ಬೇಸ್ 64 ಹರ್ಟ್ಜ್ (ಸೆಕೆಂಡಿಗೆ 64 ಕಂಪನ) ವರೆಗೆ ಇಳಿಯುತ್ತದೆ ಎನ್ನುತ್ತದೆ ಕಂಪನಿ. ಆಂಪ್ಲಿಫೈಯರಿಗೆ ಒಡ್ಡುವ ತಡೆ 6 ಓಮ್; ಕೊಟ್ಟ ಕರೆಂಟಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ, ಸೆನ್ಸಿಟಿವಿಟಿ, 88 ಡಿಬಿ. 25ರಿಂದ 75 ವ್ಯಾಟಿನ ಆಂಪ್ಲಿಫೈಯರ್ ಸಾಕು. ಕೆಲವು ಸ್ವರಗಳಲ್ಲಿ ಓಮ್ 4ರ ಹತ್ತಿರಕ್ಕೆ ಇಳಿಯುವುದರಿಂದ ಆಂಪ್ಲಿಫೈಯರ್ 4 ಓಮ್ ತಾಳುವಂಥದ್ದಿರಲಿ. ಜೊತೆಗೆ ಪೋರ್ಟಿಗೆ ತುರುಕಲು ಫೋಮಿನ ಬಿರಡೆಯೂ ಬರುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಅದನ್ನು ಥರ್ಮೋಕೋಲ್ ಜೊತೆ ಬಿಸಾಡಬೇಡಿ.

ಇನ್ನು ಕೋಣೆ. ಕಾರವಾರದ ಫ್ಲ್ಯಾಟಿನ 14 ಅಡಿ ಉದ್ದ, 11 ಅಡಿ ಅಗಲದ ಹಾಲ್ ತೆಗೆದುಕೊಳ್ಳಿ. ಮೇಲೆ ಸ್ಲ್ಯಾಬ್, ಕೆಳಗೆ ನುಣುಪು ಟೈಲ್ಸ್, ನಾಲ್ಕೂ ಕಡೆ ಗಟ್ಟಿ ಗೋಡೆ. ನಮ್ಮ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. ಅದನ್ನು ಕೋಣೆಯ ಉದ್ದದ (4.27 ಮೀ.) ಎರಡು ಪಟ್ಟಿನಿಂದ ಭಾಗಿಸಿದರೆ 41 ಹರ್ಟ್ಜ್ ಸಿಗುತ್ತದೆ; ಉದ್ದದ ಎರಡು ತುದಿಗೋಡೆಗಳ ನಡುವೆ ಕೋಣೆ ತಾನೇ ಮೊಳಗುವ ಅತಿ ಕೆಳಗಿನ ಸ್ವರ ಅದು. ಅಷ್ಟು ಕೆಳಗೆ ಈ ಸ್ಪೀಕರ್ ಹೋಗುವುದೇ ಇಲ್ಲ, ಹಾಗಾಗಿ ಅದರ ಚಿಂತೆ ಬೇಡ. ಕಾಟ ಕೊಡುವುದು ಅದರ ದುಪ್ಪಟ್ಟು, 81 ಹರ್ಟ್ಜ್. ಅಲ್ಲಿ ಸ್ಪೀಕರಿಗೂ ದಮ್ಮಿದೆ, ಕೋಣೆಯೂ ಸೇರಿ ಕೂಗುತ್ತದೆ. ಈ ಅಲೆಯ ಒತ್ತಡ ಅತಿ ಹೆಚ್ಚಿರುವುದು ಎರಡೂ ತುದಿಯ ಗೋಡೆಗಳ ಬುಡದಲ್ಲಿ ಮತ್ತು ಕೋಣೆಯ ನಟ್ಟನಡುವೆ. ನಮ್ಮ ಸೋಫಾ ಇರುವುದು ಎಲ್ಲಿ? ಹಿಂಗೋಡೆಗೆ ಒತ್ತಿ. ಅದನ್ನು ಮೂರೂವರೆ ಅಡಿ ಮುಂದೆ ತನ್ನಿ. ಅದು ಕೋಣೆಯ ಉದ್ದದ ಕಾಲು ಭಾಗ, 81 ಹರ್ಟ್ಜ್ ಅಲೆ ಬಹುತೇಕ ಸತ್ತಿರುವ ಜಾಗ. ಗುಂಯ್ ಅಲ್ಲೇ ಅರ್ಧ ಇಳಿಯುತ್ತದೆ, ಖರ್ಚು ಶೂನ್ಯ. ನಿಮ್ಮ ಹಾಲಿನ ಉದ್ದ ಬೇರೆಯಾದರೆ ಟೇಪ್ ಹಿಡಿದು ಅದರ ಕಾಲು ಭಾಗ ಹುಡುಕಿ.

ಎರಡನೆಯ ತೊಂದರೆ ಸ್ಪೀಕರಿನ ಹಿಂದಿನ ಗೋಡೆಯದು. ಕೋನಿನಿಂದ ಹಿಂದಕ್ಕೆ ಹೋದ ಶಬ್ದ ಗೋಡೆಗೆ ಬಡಿದು ಮರಳಿ ಬಂದಾಗ ಒಂದು ಸ್ವರದಲ್ಲಿ ಮೂಲ ಶಬ್ದಕ್ಕೆ ತದ್ವಿರುದ್ಧವಾಗಿ ನಿಂತು ಅದನ್ನೇ ತಿನ್ನುತ್ತದೆ. ಡಬ್ಬಿಯ ಹಿಂದೆ ಎಂಟಿಂಚು ಬಿಟ್ಟರೆ ಗೋಡೆಯಿಂದ ಕೋನಿಗೆ 48 ಸೆಂ.ಮೀ.; ತಿನ್ನುವುದು 180 ಹರ್ಟ್ಜ್ ಆಸುಪಾಸು. ಭಾಗವತರ ದನಿಯ ಬುಡವಿರುವುದು ಅಲ್ಲೇ, ಅದು ಹೋದರೆ ಪದ್ಯ ಮೂಗಿನಲ್ಲಿ ಹಾಡಿದಂತಾಗುತ್ತದೆ. ಹಿಂದೆ ಎರಡು ಅಡಿ ಬಿಟ್ಟರೆ ಶಬ್ದ ತಗ್ಗುವ ಆ ಗುಂಡಿ 97 ಹರ್ಟ್ಜ್‌ಗೆ ಸರಿದು ದನಿ ಪಾರಾಗುತ್ತದೆ. ಫೋಮ್ ಬಿರಡೆ ಪೋರ್ಟಿನ ಬೇಸ್ ಇಳಿಸುತ್ತದೆಯೇ ಹೊರತು ಈ ಗುಂಡಿಯನ್ನು ಮುಚ್ಚುವುದಿಲ್ಲ. ಬಿರಡೆ ಹಾಕಿ ಗೋಡೆಗೆ ಒತ್ತಿಟ್ಟರೆ ಎಲ್ಲ ಸರಿ ಎನ್ನುವವರ ಮಾತು ಅರ್ಧ ಮಾತ್ರ ನಿಜ.

ಇದೇ ಹಾಲಿನಲ್ಲಿ ಎರಡು ಟ್ವೀಟರ್‌ಗಳ ನಡುವೆ 7 ಅಡಿ ಇಡಿ. ಆಗ ಅಕ್ಕಪಕ್ಕದ ಗೋಡೆಗೆ ಎರಡೆರಡು ಅಡಿ ಉಳಿಯುತ್ತದೆ, ಕಿವಿಯಿಂದ ಪ್ರತಿ ಸ್ಪೀಕರಿಗೆ ಎಂಟು ಅಡಿ ಚಿಲ್ಲರೆ. ಸಮಬಾಹು ತ್ರಿಕೋನಕ್ಕೆ ಹತ್ತಿರವಿದ್ದರೆ ಸಾಕು, ಆದರೆ ಎಡ–ಬಲದ ದೂರದಲ್ಲಿ ಒಂದಿಂಚೂ ವ್ಯತ್ಯಾಸ ಬೇಡ. ಹುರಿ ಹಿಡಿದು ಅಳೆಯಿರಿ. ಮುಖ ಮೊದಲು ನೇರ ಕಿವಿಗೆ ತಿರುಗಿಸಿ, ಆಮೇಲೆ ಕೂತಲ್ಲಿಂದ ಡಬ್ಬಿಯ ಒಳಪಕ್ಕ ಒಂದು ಬೆರಳಗಲ ಕಾಣುವಷ್ಟು ಹೊರಕ್ಕೆ ಬಿಡಿ. ಪರೀಕ್ಷೆಗೆ ಮೊನೊ ರೆಕಾರ್ಡಿಂಗ್‌ನಷ್ಟು, ಅಂದರೆ ಎಡ–ಬಲ ಎರಡರಲ್ಲೂ ಒಂದೇ ಶಬ್ದ ಬರುವ ರೆಕಾರ್ಡಿಂಗ್‌ನಷ್ಟು, ಒಳ್ಳೆಯದಿಲ್ಲ. ಹಳೆಯ ಯಕ್ಷಗಾನ ಕ್ಯಾಸೆಟ್ಟಿನಿಂದ ಇಳಿಸಿದ ಮೊನೊ ಪದ್ಯವೊಂದನ್ನು ಹಾಕಿ. ದನಿ, ಮದ್ದಳೆ, ಚಂಡೆ ಎಲ್ಲವೂ ನಡುವಿನ ಖಾಲಿ ಜಾಗದಲ್ಲಿ ಒಂದೇ ಬಿಂದುವಿನಿಂದ ಬರಬೇಕು. ಚಂಡೆಯ ಪೆಟ್ಟು ಮಾತ್ರ ಒಂದು ಬದಿಗೆ ಹಾರಿದರೆ ಆ ಬದಿಯ ಗೋಡೆಯೋ ಕಿಟಕಿ ಗಾಜೋ ಪ್ರತಿಫಲಿಸುತ್ತಿದೆ. ನೀವು ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗದಲ್ಲಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೂಗುಹಾಕಿ. ತೆಳು ಪರದೆಯಿಂದ ಉಪಯೋಗವಿಲ್ಲ. ಟೈಲ್ಸ್ ಮೇಲೆ ಜಮಖಾನ ಹಾಸಲೇಬೇಕು.

ಶಿರಸಿ ಕಡೆಯ ಹೆಂಚಿನ ಮನೆಯಲ್ಲಿ ಕತೆಯೇ ಬೇರೆ. ಮರದ ಮುಚ್ಚಿಗೆ ತಾನೇ ಅದುರಿ ಕೆಳಸ್ವರ ಹೀರುತ್ತದೆ, ಉಳಿದದ್ದು ಹೆಂಚಿನ ಸಂದಿಯಲ್ಲಿ ಹೊರಹೋಗುತ್ತದೆ. ಇಲ್ಲಿ ಗುಂಯ್ ಕಡಿಮೆ, ಬೇಸ್ ತೆಳು. ಬಿರಡೆ ತೆಗೆದುಬಿಡಿ, ಹಿಂದಿನ ಜಾಗ ಒಂದು ಅಡಿಗೆ ಇಳಿಸಿ ನೋಡಿ. ಜಗಲಿಯಲ್ಲಿ ಇಡುವವರಿಗೆ ಒಂದು ಮಾತು: ಒಂದು ಸ್ಪೀಕರ್ ಗೋಡೆ ಪಕ್ಕ, ಇನ್ನೊಂದು ಅಂಗಳಕ್ಕೆ ತೆರೆದ ಬದಿಯಲ್ಲಿದ್ದರೆ ಬೇಸ್ ಗೋಡೆ ಕಡೆಗೇ ವಾಲುತ್ತದೆ. ಬ್ಯಾಲೆನ್ಸ್ ತಿರುಪಿ ಸರಿಯಾಗುವಂಥದ್ದಲ್ಲ ಅದು. ಎರಡನ್ನೂ ಉದ್ದ ಗೋಡೆಯ ಮುಂದೆ ಸಾಲಾಗಿಡುವುದೊಂದೇ ದಾರಿ. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಯಾವ ಸ್ಪೀಕರೂ ಸೋಲುತ್ತದೆ, ಬಿಡಿ.

ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕೂತರೆ ಕಿವಿ ಒಂದು ಮೀಟರಿನ ಸುಮಾರಿಗೆ, ಚಾಪೆಯ ಮೇಲೆ ಕೂತರೆ ಎರಡೂವರೆ ಅಡಿಯೂ ಇಲ್ಲ. ಕೇಳುವುದು ಎಲ್ಲಿ ಕೂತು ಎಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿನಲ್ಲಿ ಮಾಡಿಸಬಹುದು. ಖಾಲಿ ಪೈಪ್ ಗಂಟೆಯಂತೆ ಮೊಳಗುವುದರಿಂದ ಮರಳು ತುಂಬಬೇಕು. ಸಮುದ್ರದ ಮರಳು ಮಾತ್ರ ಬೇಡ, ಅದರ ಉಪ್ಪು ತೇವ ಎಳೆದು ಪೈಪನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊಳೆ ಮರಳನ್ನು ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿ ಮುಕ್ಕಾಲು ಭಾಗ ತುಂಬಿ, ಬಾಯಿ ಮುಚ್ಚಿಸಿ. ಸ್ಟ್ಯಾಂಡಿನ ಮೊನೆ ಕೆಂಪು ಸಿಮೆಂಟ್ ನೆಲವನ್ನು ಕೊರೆಯುತ್ತದೆ. ಒಂದೊಂದರ ಕೆಳಗೆ ನಾಣ್ಯ ಇಟ್ಟರಾಯಿತು.

ವೈರಿಗೆ 2.5 ಚದರ ಮಿ.ಮೀ. ತಾಮ್ರ ಸಾಕೇ ಸಾಕು, ಅದಕ್ಕಿಂತ ದುಬಾರಿಯದ್ದಕ್ಕೆ ದುಡ್ಡು ಸುರಿಯಬೇಡಿ. ಪ್ಲಸ್–ಮೈನಸ್ ಒಂದು ಬದಿಯಲ್ಲಿ ಅದಲುಬದಲಾದರೆ ಬೇಸ್ ಮಾಯವಾಗಿ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಸಂಶಯವಿದ್ದರೆ ಆಂಪ್ಲಿಫೈಯರ್ ಕಡೆಯ ವೈರ್ ಬಿಚ್ಚಿ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಆಗುವಂತೆ ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣಕಾಲ ತಾಗಿಸಿ. ಎರಡೂ ಕೋನ್ ಒಂದೇ ದಿಕ್ಕಿಗೆ ಚಲಿಸಬೇಕು. ಕಡಲಗಾಳಿಗೆ ತಾಮ್ರದ ತುದಿ ಹಸಿರುಗಟ್ಟುತ್ತದೆ, ಮಳೆಗಾಲ ಕಳೆದ ಮೇಲೆ ಒಂದು ಸೆಂ.ಮೀ. ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯಿರಿ. ಡಬ್ಬಿಯನ್ನು ಹಸಿಗೋಡೆಗೆ ತಾಗಿಸಿಟ್ಟರೆ ಬೂಸರು ಹಿಡಿಯುವುದು ಖಂಡಿತ.

20 ಅಡಿ ಹಾಲಿನಲ್ಲಿ ಗಣಪತಿ ಪೆಂಡಾಲಿನ ಬೇಸ್ ಬೇಕೆನ್ನುವವರಿಗೆ ಇದು ಸಾಲದು. ಶೋಕೇಸಿನಿಂದ ಹೊರತೆಗೆಯಲು ಮನೆಯವರು ಒಪ್ಪದಿದ್ದರೆ ಮುಂಬದಿಗೆ ಪೋರ್ಟ್ ಇರುವ ಬೇರೆ ಜೋಡಿ ನೋಡುವುದೇ ಮೇಲು. ಉಳಿದವರಿಗೆ, ಅದರಲ್ಲೂ ಭಾಗವತಿಕೆ, ಹಿಂದೂಸ್ತಾನಿ, ಭಾವಗೀತೆ ಕೇಳುವವರಿಗೆ, 3020ಐ ಧಾರಾಳವಾಗಿ ಕೊಳ್ಳಬಹುದಾದ ಜೋಡಿ. ಜಾಗ ಸಿಕ್ಕ ದಿನವೇ ಸ್ಟ್ಯಾಂಡಿನ ಕಾಲಿನ ಸುತ್ತ ನೆಲಕ್ಕೆ ಟೇಪಿನ ಗುರುತು ಅಂಟಿಸಿ. ನೆಲ ಒರೆಸುವಾಗ ಸರಿಸಿದವರು ಅದನ್ನು ನೋಡಿ ಮತ್ತೆ ಅಲ್ಲೇ ಇಡಲಿ.