ಬಳಸಿದ ಗ್ಲಾಕ್ 19 ಕೊಂಡು ಏಳು ವರ್ಷ: ಕೊಟ್ಟ ಬೆಲೆಗೆ ತಕ್ಕ ಪಿಸ್ತೂಲೇ?

ಏಳು ವರ್ಷಗಳ ಹಿಂದೆ, ಪರವಾನಗಿಯ ಕಾಗದಪತ್ರಗಳೆಲ್ಲ ಕೈಸೇರಿದ ಮೇಲೆ, ಒಬ್ಬರು ಬಳಸಿ ಬಿಟ್ಟ ಮೂರನೇ ತಲೆಮಾರಿನ (ಎಂದರೆ ಕಂಪನಿಯ ಮೂರನೇ ಪರಿಷ್ಕೃತ ರೂಪದ) ಗ್ಲಾಕ್ 19 ಪಿಸ್ತೂಲನ್ನು ಹೊಸದರ ಬೆಲೆಯ ಮುಕ್ಕಾಲು ಪಾಲಿಗೆ ಕೊಂಡೆ. ಅಂದಿನಿಂದ ಶೂಟಿಂಗ್ ರೇಂಜ್‌ನಲ್ಲಿ ಅದರಿಂದ ಸುಮಾರು 8,000 ಗುಂಡುಗಳನ್ನು ಹಾರಿಸಿದ್ದೇನೆ. ಪ್ರತಿ ಸಲದ ಲೆಕ್ಕವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಪಿಸ್ತೂಲಿನ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಅದರ ಬೆಲೆಯನ್ನು ಅಳೆದ ರೀತಿ ತಪ್ಪಾಗಿತ್ತು, ಮತ್ತು ಆ ತಪ್ಪು ಎಲ್ಲಿ ಆಯಿತೆಂಬುದು ಈ ಏಳು ವರ್ಷಗಳ ಬಳಕೆಯಲ್ಲಿ ಒಂದೊಂದಾಗಿ ತಿಳಿದುಬಂದಿದೆ.

ಈ ಮಾದರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳವಾದದ್ದು. ಆಸ್ಟ್ರಿಯಾದ ಗ್ಲಾಕ್ ಕಂಪನಿ 1980ರ ದಶಕದ ಆರಂಭದಲ್ಲಿ ತನ್ನ ದೇಶದ ಸೈನ್ಯಕ್ಕಾಗಿ ರೂಪಿಸಿದ ದೊಡ್ಡ ಪಿಸ್ತೂಲು ಗ್ಲಾಕ್ 17; ಅದನ್ನೇ ಸ್ವಲ್ಪ ಗಿಡ್ಡಗೊಳಿಸಿ 1988ರಲ್ಲಿ ಹೊರತಂದದ್ದು ಗ್ಲಾಕ್ 19. ದೊಡ್ಡದರ ನಳಿಕೆ 114 ಮಿಲಿಮೀಟರ್ ಉದ್ದವಿದ್ದರೆ ಇದರದ್ದು 102. ಅದರ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) 17 ಗುಂಡು ಹಿಡಿದರೆ ಇದರದ್ದು 15, ಮತ್ತು ಅದರ ಮ್ಯಾಗಜೀನ್ ಇದಕ್ಕೂ ಕೂರುತ್ತದೆ. ಎರಡೂ 9 × 19 (9 ಮಿಲಿಮೀಟರ್ ವ್ಯಾಸ, 19 ಮಿಲಿಮೀಟರ್ ಉದ್ದದ ಕೋಶ) ಗುಂಡಿನವು. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ಬಳಸಿದ್ದನ್ನು ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಮೊದಲ ನೋಟದಲ್ಲಿ ನನ್ನನ್ನು ಹಿಂಜರಿಯುವಂತೆ ಮಾಡಿದ ಎರಡು ಸಂಗತಿಗಳು ನಿಜವಾಗಿ ದೋಷಗಳೇ ಆಗಿರಲಿಲ್ಲ. ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಲೋಹದ ಭಾಗವಾದ ಸ್ಲೈಡ್‌ನ ಮೂತಿಯ ಎರಡೂ ಅಂಚುಗಳಲ್ಲಿ ಕಪ್ಪು ಬಣ್ಣ ಸವೆದು ಬೂದು ಲೋಹ ಕಾಣುತ್ತಿತ್ತು. ಹೋಲ್‌ಸ್ಟರ್‌ನಲ್ಲಿ ದಿನವೂ ತೆಗೆದು ಇಟ್ಟು ಮಾಡಿದ್ದರ ಗುರುತು ಅದು. ಈ ಪಿಸ್ತೂಲಿನ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಮೇಲಿನ ಕಪ್ಪು ಬಣ್ಣವಲ್ಲ. ಲೋಹದ ಮೇಲ್ಪದರವನ್ನೇ ಗಡುಸುಗೊಳಿಸುವ ಸಂಸ್ಕರಣೆ. ಬಣ್ಣ ಹೋದರೂ ಆ ಪದರ ಹಾಗೇ ಉಳಿಯುತ್ತದೆ. ಏಳು ಮಳೆಗಾಲ ಕಳೆದರೂ ಆ ಬೂದು ಅಂಚುಗಳಲ್ಲಿ ತುಕ್ಕಿನ ಒಂದು ಚುಕ್ಕೆಯೂ ಕಂಡಿಲ್ಲ. ಎರಡನೆಯದು ನಳಿಕೆಯ ಒಳಮೈ. ಬೇರೆ ಪಿಸ್ತೂಲುಗಳಲ್ಲಿ ಕಾಣುವ ಚೂಪಂಚಿನ ಸುರುಳಿ ಗೆರೆಗಳು ಇದರಲ್ಲಿ ಕಾಣಲಿಲ್ಲವಾದ್ದರಿಂದ ಗುಂಡು ಹಾರಿಸಿ ಹಾರಿಸಿ ಅವು ಸವೆದೇಹೋಗಿವೆ ಎಂದುಕೊಂಡು ವಾಪಸು ಹೊರಡುವವನಿದ್ದೆ. ವಾಸ್ತವವಾಗಿ ಐದನೇ ತಲೆಮಾರಿಗೆ ಮೊದಲಿನ ಗ್ಲಾಕ್ 19ಗಳ ನಳಿಕೆಯ ಒಳಭಾಗವೇ ಷಟ್ಕೋನದ ಆಕಾರದಲ್ಲಿ, ಅಂಚುಗಳಿಲ್ಲದೆ ನುಣುಪಾಗಿ ತಿರುಚಿಕೊಂಡಿರುತ್ತದೆ. ಅದು ಹಾಗೆ ಕಾಣುವುದೇ ಸರಿ. ಅಂಥ ನಳಿಕೆಗೆ ಹೊದಿಕೆಯಿಲ್ಲದ ಸೀಸದ ಗುಂಡು ಹೊಂದುವುದಿಲ್ಲ, ಸೀಸ ಒಳಗೇ ಮೆತ್ತಿಕೊಳ್ಳುತ್ತದೆ. ಹಾಗಾಗಿ ಹಿಂದಿನ ಒಡೆಯರು ಯಾವ ಗುಂಡು ಬಳಸುತ್ತಿದ್ದರೆಂದು ಕೇಳುವುದು ಅಗತ್ಯ.

ಇನ್ನು ನಿಜವಾಗಿ ನೋಡಬೇಕಿದ್ದು ನಾನು ನೋಡದೆ ಹೋದ ಭಾಗಗಳ ವಿಷಯ.

ಮೊದಲನೆಯದು ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯ್ಲ್ ಸ್ಪ್ರಿಂಗ್. ಇದನ್ನು ಪರೀಕ್ಷಿಸಲು ಅರ್ಧ ನಿಮಿಷವೂ ಬೇಡ. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಂಡು, ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲಿ ಮೇಲಕ್ಕೆ ಎತ್ತಿ, ಟ್ರಿಗರ್ ಒತ್ತಿ ಹಿಡಿದೇ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ನಿಧಾನವಾಗಿ ಬಿಡಬೇಕು. ಸ್ಪ್ರಿಂಗ್ ಗಟ್ಟಿಯಿದ್ದರೆ ಸ್ಲೈಡ್ ತಾನಾಗಿ ಮೇಲಕ್ಕೆ ಹೋಗಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ನನ್ನದು ಒಂದು ಕೂದಲೆಳೆಯಷ್ಟು ಅಂತರ ಉಳಿಸಿ ನಿಂತುಬಿಡುತ್ತಿತ್ತು. ಇದನ್ನು ಕಂಡದ್ದು ಮನೆಗೆ ತಂದ ಮೂರನೇ ವಾರದಲ್ಲಿ, ಅದೂ ರೇಂಜ್‌ನ ತರಬೇತುದಾರರು ಮಾಡಿ ತೋರಿಸಿದಾಗ. ಸ್ಪ್ರಿಂಗ್ ದುಬಾರಿ ವಸ್ತುವಲ್ಲ, ಬದಲಿಸುವುದೂ ಸುಲಭ. ಆದರೆ ಅದು ಅಷ್ಟು ಸೋತಿತ್ತೆಂದರೆ ‘ಹೆಚ್ಚು ಬಳಸಿಲ್ಲ’ ಎಂದು ಮಾರಿದವರು ಹೇಳಿದ ಮಾತು ನಂಬುವಂಥದ್ದಲ್ಲ ಎಂದರ್ಥ. ಚೌಕಾಸಿಯ ಹೊತ್ತಿಗೆ ಅದೊಂದು ಗೊತ್ತಿದ್ದರೆ ಸಾಕಿತ್ತು. ನಾಲ್ಕನೇ ತಲೆಮಾರಿನ ಪಿಸ್ತೂಲನ್ನು ನೋಡುತ್ತಿರುವವರಿಗೆ ಒಂದು ಮಾತು: 2010ರಲ್ಲಿ ಬಂದ ಆ ತಲೆಮಾರಿನ ಆರಂಭದ ಪಿಸ್ತೂಲುಗಳ ರಿಕಾಯ್ಲ್ ಸ್ಪ್ರಿಂಗ್‌ಗಳನ್ನು ಕಂಪನಿಯೇ 2011ರಲ್ಲಿ ಬದಲಿಸಿಕೊಡಲು ಮುಂದಾಗಿತ್ತು. ಅಂಥದ್ದು ಸಿಕ್ಕರೆ ಆ ಭಾಗ ಬದಲಾಗಿದೆಯೇ ಎಂದು ವಿಚಾರಿಸಿ.

ಎರಡನೆಯದು ಕತ್ತಲಲ್ಲಿ ಹೊಳೆಯುವ ಗುರಿಚುಕ್ಕೆಗಳು. ಕಂಪನಿಯ ಮೂಲ ಪ್ಲಾಸ್ಟಿಕ್ ಗುರಿಚುಕ್ಕೆಗಳನ್ನು ತೆಗೆದು ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ತುಂಬಿದವನ್ನು ಹಾಕಿಸಿದ್ದಾರೆಂಬ ಕಾರಣಕ್ಕೇ ಬೆಲೆ ಏರಿತ್ತು, ನಾನೂ ಒಪ್ಪಿಕೊಂಡೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅಂದರೆ ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಮನೆಯಲ್ಲಿ ದೀಪ ಆರಿಸಿ, ಬಾಗಿಲು ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಹತ್ತು ನಿಮಿಷ ಕೂತು ನೋಡಿದೆ. ಹಿಂದಿನ ಎರಡು ಚುಕ್ಕೆಗಳಲ್ಲಿ ಒಂದು ಮಿಣುಕು ಹಸಿರಾಗಿ ಕಂಡಿತು, ಇನ್ನೊಂದು ಕಾಣಲೇ ಇಲ್ಲ, ಮುಂದಿನದು ಇದೆಯೋ ಇಲ್ಲವೋ ಎಂಬಂತಿತ್ತು. ಹಗಲಿನ ಬೆಳಕಿನಲ್ಲಿ ಮೇಜಿನ ಮೇಲಿಟ್ಟು ನೋಡಿದವನಿಗೆ ಇದು ತಿಳಿಯುವುದಾದರೂ ಹೇಗೆ? ಅಂಗೈಗಳನ್ನು ಬೊಗಸೆ ಮಾಡಿ ನೆರಳು ಕೊಟ್ಟು ಒಂದು ಸಲ ಇಣುಕಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಮೂರನೆಯದು ಮ್ಯಾಗಜೀನ್‌ಗಳು, ನನ್ನನ್ನು ಅತಿ ಹೆಚ್ಚು ಕಾಡಿದ್ದು ಇವೇ. ಪಿಸ್ತೂಲಿನ ಜೊತೆ ನಾಲ್ಕು ಬಂದಿದ್ದವು. ನಾಲ್ಕೆಂಬ ಸಂಖ್ಯೆಗೇ ನಾನು ಮರುಳಾದೆ. ಎರಡು ಮೂಲ ಕಂಪನಿಯವು, ಇನ್ನೆರಡು ಬೇರೆ ತಯಾರಿಕೆಯವು. ಮೊದಲ ವರ್ಷ ಎಷ್ಟೋ ಸಲ ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆ ನಿಲ್ಲದೆ ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಕೆಲವೊಮ್ಮೆ ಗುಂಡಿನ ತುದಿ ಮೇಲೇರದೆ ನಳಿಕೆಯ ಬಾಯಿಗೆ ಬಡಿದು ಸಿಕ್ಕಿಕೊಳ್ಳುತ್ತಿತ್ತು. ಪಿಸ್ತೂಲನ್ನೇ ಶಂಕಿಸಿ ಎಕ್ಸ್‌ಟ್ರಾಕ್ಟರ್ (ಖಾಲಿ ಕೋಶವನ್ನು ಹೊರಗೆಳೆಯುವ ಕೊಕ್ಕೆ) ಬದಲಿಸಲು ಹೊರಟಿದ್ದೆ. ಕೊನೆಗೆ ಪ್ರತಿ ಮ್ಯಾಗಜೀನ್‌ನ ತಳಕ್ಕೆ ಬಣ್ಣದಲ್ಲಿ ಅಂಕಿ ಬರೆದು ಲೆಕ್ಕವಿಟ್ಟಾಗ ತೊಂದರೆಯೆಲ್ಲ ಎರಡೇ ಮ್ಯಾಗಜೀನ್‌ಗಳದ್ದೆಂದು ಸ್ಪಷ್ಟವಾಯಿತು, ಆ ಹೊರಗಿನವೇ. ಅವುಗಳನ್ನು ಬಿಟ್ಟು ಎರಡು ಹೊಸ ಮೂಲ ಮ್ಯಾಗಜೀನ್ ಕೊಂಡ ಮೇಲೆ ಅಂಥ ಅಡಚಣೆ ಮರುಕಳಿಸಿಲ್ಲ.

ಸ್ಪ್ರಿಂಗ್, ಗುರಿಚುಕ್ಕೆ, ಮ್ಯಾಗಜೀನ್ ಮೂರನ್ನೂ ಕೂಡಿಸಿದಾಗ ನಾನು ಒಟ್ಟು ತೆತ್ತದ್ದು ಹೊಸ ಪಿಸ್ತೂಲಿನ ಬೆಲೆಗೆ ಹತ್ತಿರ ಹತ್ತಿರ ಬಂದಿತ್ತು. ಆದ್ದರಿಂದ ಈಗ ಯಾರಾದರೂ ಸಲಹೆ ಕೇಳಿದರೆ, ಮಾರುವವರು ಹೇಳಿದ ಬೆಲೆಯಿಂದ ಆರಂಭಿಸಬೇಡಿ ಎನ್ನುತ್ತೇನೆ. ಹೊಸದರ ಬೆಲೆಯನ್ನು ಬರೆದುಕೊಂಡು, ನೀವು ಬದಲಿಸಲೇಬೇಕಾದ ಭಾಗಗಳ ಬೆಲೆಯನ್ನು ಅದರಿಂದ ಕಳೆದು, ಪರೀಕ್ಷೆಗೆ ಬೇಕಾಗುವ ನೂರಿನ್ನೂರು ಗುಂಡುಗಳ ಖರ್ಚನ್ನೂ ಕಳೆದು, ಹೊಸದಕ್ಕೆ ಸಿಗುವ ಖಾತರಿ ನಿಮಗಿಲ್ಲವೆಂಬುದಕ್ಕೆ ಇನ್ನಷ್ಟು ಇಳಿಸಿ, ಉಳಿದದ್ದನ್ನು ನಿಮ್ಮ ಮೇಲ್ಮಿತಿ ಎಂದುಕೊಳ್ಳಿ. ಟ್ರಿಗರ್ ಹಗುರ ಮಾಡಿಸಿದ್ದಾರೆ, ಹಿಡಿಯನ್ನು ಕಾಯಿಸಿದ ಕಡ್ಡಿಯಿಂದ ಚುಚ್ಚಿ ಒರಟು ಮಾಡಿದ್ದಾರೆ ಎಂಬಂಥವು ಮಾರುವವರ ಬಾಯಲ್ಲಿ ಹೆಚ್ಚುಗಾರಿಕೆಗಳು. ನನ್ನ ಲೆಕ್ಕದಲ್ಲಿ ಅವು ಬೆಲೆ ಇಳಿಸಬೇಕಾದ ಕಾರಣಗಳು.

ಸುರಕ್ಷತೆಯ ಭಾಗಗಳಲ್ಲಿ ಮಾತ್ರ ಚೌಕಾಸಿಯ ಮಾತೇ ಇಲ್ಲ. ಟ್ರಿಗರ್‌ನ ಮಧ್ಯದ ಸಣ್ಣ ಪಟ್ಟಿಯನ್ನು ಮುಟ್ಟದೆ ಅಂಚನ್ನು ಮಾತ್ರ ಒತ್ತಿದರೆ ಟ್ರಿಗರ್ ಹಿಂದೆ ಸರಿಯಕೂಡದು. ಬಿಚ್ಚಿದ ಸ್ಲೈಡ್‌ನಲ್ಲಿ ಒಳಗಿನ ತಡೆಗುಂಡಿಯನ್ನು ಒತ್ತದ ಹೊರತು ಗುಂಡಿನ ತಳಕ್ಕೆ ಬಡಿಯುವ ಫೈರಿಂಗ್ ಪಿನ್‌ನ ತುದಿ ಹೊರಗೆ ಬರಕೂಡದು. ಬಿಚ್ಚುವಾಗ ಈ ಪಿಸ್ತೂಲಿನಲ್ಲಿ ಟ್ರಿಗರ್ ಎಳೆಯಲೇಬೇಕಾಗುವುದರಿಂದ ಚೇಂಬರ್ ಖಾಲಿಯಿದೆಯೆಂದು ಎರಡೆರಡು ಸಲ ನೋಡದೆ ಯಾರೂ ಅದಕ್ಕೆ ಕೈಹಾಕಬಾರದು. ಫ್ರೇಮ್ (ಹಿಡಿಯಿರುವ ಕೆಳಭಾಗ), ಸ್ಲೈಡ್, ನಳಿಕೆ ಮೂರರ ಮೇಲೂ ಇರುವ ಸಂಖ್ಯೆ ಒಂದೇ ಆಗಿರಬೇಕು, ಕಾಗದದಲ್ಲಿ ಇರುವುದೂ ಅದೇ ಆಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎದ್ದು ಬನ್ನಿ.

ನನ್ನ ಪಿಸ್ತೂಲು ಇವೆಲ್ಲದರಲ್ಲೂ ಗೆದ್ದಿತ್ತು, ನಳಿಕೆಯೂ ಶುದ್ಧವಾಗಿತ್ತು. ದುಬಾರಿ ಕೊಟ್ಟರೂ ಅದನ್ನು ಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲದಿರುವುದು ಅದರಿಂದಲೇ. ನಳಿಕೆ ಕೆಟ್ಟರೆ ಏನಾಗುತ್ತದೆಂಬುದನ್ನು ಕಳೆದ ವರ್ಷ ಗೆಳೆಯರೊಬ್ಬರ ಜೊತೆ ಹೋದಾಗ ಕಂಡೆ. ಅವರು ಮೆಚ್ಚಿದ್ದ ಅದೇ ಮಾದರಿಯ ಪಿಸ್ತೂಲು ಮೂಲ ಪೆಟ್ಟಿಗೆಯಲ್ಲೇ ಇತ್ತು, ಒಂದು ಗೀರೂ ಇರಲಿಲ್ಲ, ಬೆಲೆ ನಾನು ಕೊಟ್ಟಿದ್ದಕ್ಕಿಂತ ಕಡಿಮೆ. ನಳಿಕೆಗೆ ಎಣ್ಣೆ ಧಾರಾಳವಾಗಿ ಸವರಿದ್ದರು. ಒಣಬಟ್ಟೆಯ ತುಂಡನ್ನು ಎರಡು ಸಲ ಹಾಯಿಸಿ, ಟಾರ್ಚ್ ಹಿಡಿದು ನೋಡಿದಾಗ ನಡುಭಾಗದಲ್ಲಿ ಉಂಗುರದಂಥ ಒಂದು ಕಪ್ಪು ನೆರಳು ಕಂಡಿತು. ಕೊಳೆಯಿರಬಹುದೆಂದು ಮತ್ತೆ ಒರೆಸಿದೆವು. ಬಟ್ಟೆ ಬಿಳಿಯಾಗಿಯೇ ಹೊರಬಂತು, ಉಂಗುರ ಅಲ್ಲೇ ಇತ್ತು. ಶಕ್ತಿ ಸಾಲದೆ ಒಂದು ಗುಂಡು ನಳಿಕೆಯಲ್ಲೇ ನಿಂತು, ಅದರ ಹಿಂದೆ ಇನ್ನೊಂದನ್ನು ಹಾರಿಸಿದಾಗ ಲೋಹ ಒಳಗಿನಿಂದ ಉಬ್ಬಿ ಉಳಿಯುವ ಗುರುತು ಅದು. ಗೆಳೆಯರು ನಳಿಕೆಯನ್ನು ಬೆಳಕಿನತ್ತ ಇನ್ನೊಮ್ಮೆ ತಿರುಗಿಸಿ ನೋಡಿದರು, ಮೌನವಾಗಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಮುಚ್ಚಿದರು.